ಊಟ ಆಯ್ತಾ, ಮಳೆ ಅಕ್ಕ?

ಮಳೆಗಾಲದಲ್ಲಿ ಮಡಿಕೇರಿಯ ಯಾವ ಮನೆಗೆ ಹೋದರೂ ಮೊದಲು ಕಾಣುವುದು ಒಣಗದ ಬಟ್ಟೆ. ಪಡಸಾಲೆಯಲ್ಲಿ, ಅಡುಗೆಮನೆಯಲ್ಲಿ, ಕುರ್ಚಿಯ ಬೆನ್ನಿನ ಮೇಲೆ, ಎಲ್ಲೆಂದರಲ್ಲಿ. 2018ರ ಜುಲೈ ಮೊದಲ ವಾರ ನಮ್ಮ ಮನೆಯ ಮುಂದೆ ಒಂದು ಆಟೋ ಬಂದು ನಿಂತಾಗಲೂ ನಾನು ಒದ್ದೆ ಟವೆಲ್ಲುಗಳನ್ನು ಹಗ್ಗದ ಮೇಲೆ ಮಗುಚಿ ಹಾಕುತ್ತಿದ್ದೆ. ಆಟೋದಿಂದ ಇಳಿದವಳು ಹತ್ತೊಂಬತ್ತು ವರ್ಷದ ಜರ್ಮನ್ ಹುಡುಗಿ. ಎರಡು ದೊಡ್ಡ ಸೂಟ್‌ಕೇಸು. ಒಂದರಲ್ಲಿ ಬಟ್ಟೆ. ಇನ್ನೊಂದರಲ್ಲಿ ಬಣ್ಣದ ಕಾಗದ, ಕ್ರೇಯಾನ್, ಪ್ಲಾಸ್ಟಿಕ್ ಹಾಳೆ ಅಂಟಿಸಿದ ಚಿತ್ರದ ಕಾರ್ಡುಗಳು, ಅಂಟು, ಕತ್ತರಿ.

ನಮ್ಮ ಊರಿನ ವಿಶೇಷ ಮಕ್ಕಳ ಒಂದು ಚಿಕ್ಕ ಶಾಲೆಯಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿ ಕೆಲಸ ಮಾಡಲು ಬಂದಿದ್ದಳು. ಶಾಲೆಯ ಟೀಚರ್ ನಮಗೆ ಪರಿಚಯದವರು. "ನಿಮ್ಮ ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ, ಮೇಲಿನ ರೂಮು ಖಾಲಿ ಇದೆಯಲ್ಲ ಸಾರ್" ಎಂದು ಕೇಳಿದ್ದರು. ನನಗೆ ಮನಸ್ಸಿರಲಿಲ್ಲ. ನಮ್ಮಾಕೆ ಒಪ್ಪಿಬಿಟ್ಟಳು.

ನನ್ನ ಅನುಮಾನಕ್ಕೆ ಕಾರಣವಿತ್ತು. ಸಂಬಳವಿಲ್ಲದೆ ಅಷ್ಟು ದೂರದಿಂದ ಒಬ್ಬರು ಯಾಕೆ ಬರುತ್ತಾರೆ? ವಿಚಾರಿಸಿದೆ. ಜರ್ಮನಿ ಸರ್ಕಾರ 2008ರಲ್ಲಿ 'ವೆಲ್ಟ್‌ವೆರ್ಟ್ಸ್' ಎಂಬ ಯೋಜನೆ ಶುರು ಮಾಡಿದೆಯಂತೆ. 18ರಿಂದ 28 ವರ್ಷದ ಯುವಕ ಯುವತಿಯರು ಬೇರೆ ದೇಶಕ್ಕೆ ಹೋಗಿ ಶಾಲೆ, ಆಸ್ಪತ್ರೆ, ತೋಟಗಳಲ್ಲಿ ಸೇವೆ ಮಾಡಿ ಬರುವುದು. ಅಲ್ಲಿ ಅನೇಕರು ಶಾಲೆ ಮುಗಿಸಿ ಕಾಲೇಜು ಸೇರುವ ಮೊದಲು ಹೀಗೆ ಒಂದು ವರ್ಷ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಪಿಯುಸಿ ಮುಗಿದ ಮರುದಿನವೇ ಸಿಇಟಿ ಕೋಚಿಂಗ್ ಎಂದು ಓಡುವುದನ್ನು ಕಂಡ ನನಗೆ ಇದು ಸೋಜಿಗವೆನಿಸಿತು.

ವಿದೇಶಿಯರು ಮನೆಯಲ್ಲಿ ಉಳಿದರೆ ಆಗ ಇಪ್ಪತ್ನಾಲ್ಕು ಗಂಟೆಯೊಳಗೆ 'ಸಿ ಫಾರಂ' ತುಂಬಿ ಪೊಲೀಸರಿಗೆ ತಿಳಿಸಬೇಕಿತ್ತು. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಫಾರಂ ತುಂಬಿಸಿದವನು ನಾನು. ಅವಳ ಪಾಸ್‌ಪೋರ್ಟು, ವೀಸಾ ಎಲ್ಲ ನೋಡಿ ಒಂದಕ್ಷರ ತಪ್ಪಿಲ್ಲದೆ ತುಂಬಿದೆ. ಫಾರಂನಲ್ಲಿ ಎಲ್ಲ ಇತ್ತು. ಈ ಹುಡುಗಿ ಇಲ್ಲಿ ಹೇಗೆ ಬದುಕುತ್ತಾಳೆ ಎಂಬ ಒಂದು ಕಾಲಂ ಮಾತ್ರ ಇರಲಿಲ್ಲ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಸರಿಯಾಗಿ ಉಚ್ಚರಿಸಲು ನಮಗೆ ಕೊನೆಗೂ ಬರಲಿಲ್ಲ ಎನ್ನುವುದು ಬೇರೆ ಮಾತು. ಮಳೆಯ ಜೊತೆ ಬಂದವಳು ಎಂದು ಶಾಲೆಯ ಮಕ್ಕಳು 'ಮಳೆ ಅಕ್ಕ' ಎಂದು ಕರೆದರು. ಅದೇ ನಿಂತಿತು.

ಒಣಗದ ಬಟ್ಟೆ, ಕೆಂಪು ಬಣ್ಣ

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದಲ್ಲಿ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಬರ್ಲಿನ್ನಿನಲ್ಲಿ ಇಡೀ ವರ್ಷಕ್ಕೆ 600 ಮಿಲಿಮೀಟರೂ ಆಗುವುದಿಲ್ಲ. "ನಮ್ಮಲ್ಲೂ ಮಳೆ ಬರುತ್ತೆ ಅಂಕಲ್" ಎಂದು ಮೊದಲ ದಿನ ಹೇಳಿದ್ದಳು. ಹತ್ತನೇ ದಿನ ಆ ಮಾತನ್ನು ವಾಪಸ್ ತೆಗೆದುಕೊಂಡಳು.

ಅವಳ ಚರ್ಮದ ಬೂಟಿನೊಳಗೆ ಬೂಷ್ಟು ಹತ್ತಿತು. ಬಣ್ಣದ ಕಾಗದಗಳು ಹಪ್ಪಳದಂತೆ ಸುರುಳಿಯಾದವು. ನಮ್ಮಾಕೆ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಬಟ್ಟೆ ಒಣಗಿಸುವುದನ್ನು ತೋರಿಸಿಕೊಟ್ಟಳು. ಅಂದಿನಿಂದ ಅವಳ ಬಟ್ಟೆಯೆಲ್ಲ ಹೊಗೆ ವಾಸನೆ. ಜಿಗಣೆ ಕಚ್ಚಿದಾಗ ಮೊದಲ ಸಲ ಕಿರುಚಿದ್ದು ಪಕ್ಕದ ಮನೆಯವರಿಗೂ ಕೇಳಿಸಿತು. ಉಪ್ಪು ಹಾಕಿದರೆ ಅದು ತಾನೇ ಬಿಡುತ್ತದೆ ಎಂದು ಕಲಿತ ಮೇಲೆ ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡು ಓಡಾಡಿದಳು. ಬಕೆಟ್ಟು, ಚೊಂಬಿನ ಸ್ನಾನ ಬೇಗ ಅಭ್ಯಾಸವಾಯಿತು. ಹಂಡೆಯ ಬಿಸಿನೀರು ಅವಳಿಗೆ ಎಷ್ಟು ಇಷ್ಟವೆಂದರೆ, ಸೌದೆ ಒಟ್ಟುವ ಕೆಲಸವನ್ನು ತಾನೇ ವಹಿಸಿಕೊಂಡಳು.

ಭಾಷೆಯದು ಇನ್ನೊಂದು ಕಾಡು. ಕೊಡಗಿನಲ್ಲಿ ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ಕನ್ನಡ, ತುಳು, ಮಲಯಾಳ ಇವೆ, ಯರವರ ಮಾತು ಬೇರೆ. ನಾಲ್ಕು ಪುಟ ಕನ್ನಡ ಕಲಿತು ಬಂದವಳಿಗೆ ಶಾಲೆಯ ಇಪ್ಪತ್ತೆರಡು ಮಕ್ಕಳ ಮನೆಮಾತು ಐದು ಎಂದು ತಿಳಿದಾಗ ತಲೆ ಗಿರ್ರೆಂದಿತು. "ತಾಯಿ ಅಂದರೆ ಅಮ್ಮ ಅಲ್ವಾ? ಒಬ್ಬ ಹುಡುಗಿ ಬಿಳಿ ಕೂದಲಿನ ಅಜ್ಜಿಯನ್ನು ತೋರಿಸಿ ತಾಯಿ ಅನ್ನುತ್ತಾಳೆ" ಎಂದು ಒಂದು ಸಂಜೆ ಬಂದು ಕೇಳಿದಳು. ಕೊಡವ ಮಾತಿನಲ್ಲಿ ಅಮ್ಮನಿಗೆ ಅವ್ವ, ಅಜ್ಜಿಗೆ ತಾಯಿ ಎನ್ನುತ್ತಾರೆ. ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಅವಳನ್ನು ಹೆಚ್ಚು ಕಂಗೆಡಿಸಿದ್ದು "ಊಟ ಆಯ್ತಾ?" ಎಂಬ ಎರಡು ಪದ. ಬೆಳಿಗ್ಗೆ ಹತ್ತಕ್ಕೆ ಅಂಗಡಿಯವರು ಕೇಳುತ್ತಾರೆ, ಮಧ್ಯಾಹ್ನ ನಾಲ್ಕಕ್ಕೆ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸು ಕೇಳುತ್ತಾಳೆ. "ಆಗಿಲ್ಲ ಎಂದರೆ ಊಟಕ್ಕೆ ಕರೆಯುತ್ತಾರಾ? ಆಯ್ತು ಎಂದರೆ ಏನು ತಿಂದೆ ಎಂದು ಹೇಳಬೇಕಾ? ನಾನು ಊಟ ಮಾಡಿದರೆ ಬಿಟ್ಟರೆ ಅವರಿಗೇನು?" ಎಂದು ಕೇಳಿದಳು. "ಅದು ಪ್ರಶ್ನೆಯಲ್ಲಮ್ಮ, ನಮಸ್ಕಾರ ಇದ್ದ ಹಾಗೆ" ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

ಆಗಸ್ಟ್ 3ಕ್ಕೆ ಕಕ್ಕಡ ತಿಂಗಳ ಹದಿನೆಂಟನೇ ದಿನ. ಕೊಡಗಿನಲ್ಲಿ ಅಂದು ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಆ ದಿನ ಆ ಗಿಡದಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂದು ಇಲ್ಲಿನವರ ನಂಬಿಕೆ. ಸೊಪ್ಪನ್ನು ನೀರಿನಲ್ಲಿ ಕುದಿಸಿದರೆ ಒಳ್ಳೆ ನೇರಳೆ ಬಣ್ಣ ಬಿಡುತ್ತದೆ. ಪಕ್ಕದ ಮನೆಯ ಕೊಡವ ಅಮ್ಮ ಒಂದು ಪಾತ್ರೆ ತುಂಬ ಕಳಿಸಿದ್ದರು. ಮಳೆ ಅಕ್ಕ ಎರಡು ಬಟ್ಟಲು ತಿಂದಳು. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಬಿಳಿಚಿಕೊಂಡ ಮುಖದಲ್ಲಿ ಹೊರಗೆ ಬಂದು, "ಆಂಟಿ, ಆಸ್ಪತ್ರೆಗೆ ಹೋಗಬೇಕು" ಎಂದಳು. ಮದ್ದು ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆ ಎಂದು ಹೇಳುವುದನ್ನು ನಾವಿಬ್ಬರೂ ಮರೆತಿದ್ದೆವು! ನಮ್ಮಾಕೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಹುಡುಗಿಯೂ ನಕ್ಕಳು. ಆದರೆ ಆ ನಗು ಬೇಗ ನಿಂತಿತು. ಅದನ್ನು ನಾನು ಗಮನಿಸಿದೆ.

ಸಸ್ಪೆನ್ಸ್ ಖಾತೆ

ಶಾಲೆಯಲ್ಲಿ ಅವಳ ಕೆಲಸ ನಡೆಯುತ್ತಿರಲಿಲ್ಲ. ಜರ್ಮನಿಯಲ್ಲಿದ್ದಾಗಲೇ ತಿಂಗಳ ಕಾರ್ಯಕ್ರಮ ಬರೆದುಕೊಂಡು ಬಂದಿದ್ದಳು. ಸೋಮವಾರ ಬಣ್ಣ, ಮಂಗಳವಾರ ಹಾಡು, ಬುಧವಾರ ಕಾಗದದ ಹಕ್ಕಿ. ಮಳೆ ಜೋರಾದ ದಿನ ಅರ್ಧ ಮಕ್ಕಳು ಬರುತ್ತಿರಲಿಲ್ಲ. ಬಂದವರಿಗೆ ಕಾರ್ಡಿನಲ್ಲಿದ್ದ ಸೇಬು, ಹಿಮದ ಗೊಂಬೆ ಯಾವುದೂ ಬೇಡ. ಒಬ್ಬ ಹನ್ನೊಂದು ವರ್ಷದ ಹುಡುಗನಿದ್ದ, ಮಾತಾಡುವುದಿಲ್ಲ. ಅವಳು ಎದುರು ಕೂತರೆ ಎದ್ದು ಹೋಗಿ ಅಡುಗೆಮನೆಯಲ್ಲಿ ಆಯಾಳ ಪಕ್ಕ ಕೂರುತ್ತಿದ್ದ. ಟೀಚರಿಗೆ ಮಕ್ಕಳನ್ನು ನೋಡುವುದರ ಜೊತೆಗೆ ಇವಳನ್ನೂ ನೋಡಿಕೊಳ್ಳುವ ಕೆಲಸ ಸೇರಿತ್ತು.

ಆಗಸ್ಟ್ ಎರಡನೇ ವಾರ ಒಂದು ರಾತ್ರಿ ಕರೆಂಟ್ ಹೋಗಿತ್ತು. ಮೇಣದ ಬತ್ತಿ ಹಚ್ಚಿಕೊಂಡು ಮೂವರೂ ಕೂತಿದ್ದೆವು. "ಅಂಕಲ್, ನಾನು ವಾಪಸ್ ಹೋಗ್ತೀನಿ" ಎಂದಳು. "ನಾನು ಯಾರಿಗೂ ಉಪಯೋಗಕ್ಕೆ ಬರುತ್ತಿಲ್ಲ. ಬಟ್ಟೆ ಒಣಗಿಸುವುದನ್ನೂ ಆಂಟಿಯೇ ಹೇಳಿಕೊಡಬೇಕು. ನಾನು ಸಹಾಯ ಮಾಡಲು ಬಂದವಳು. ಇಲ್ಲಿ ಎಲ್ಲರೂ ನನಗೇ ಸಹಾಯ ಮಾಡುತ್ತಿದ್ದಾರೆ."

ನನಗೆ ತಿಳಿದದ್ದು ಬ್ಯಾಂಕು. ಅದನ್ನೇ ಹೇಳಿದೆ. "ಬ್ಯಾಂಕಿಗೆ ಒಂದು ಮೊತ್ತ ಬಂದುಬಿಡುತ್ತೆ. ಯಾರ ಖಾತೆಗೆ ಸೇರಬೇಕು ಅಂತ ಗೊತ್ತಾಗಲ್ಲ. ವಾಪಸ್ ಕಳಿಸೋ ಹಾಗಿಲ್ಲ, ಎಸೆಯೋ ಹಾಗಿಲ್ಲ. ಅದನ್ನು ಸಸ್ಪೆನ್ಸ್ ಅಕೌಂಟ್ ಅಂತ ಒಂದು ಖಾತೆಗೆ ಹಾಕಿಡ್ತೀವಿ. ವಿಚಾರಿಸ್ತೀವಿ, ಹಳೇ ಓಚರ್ ಹುಡುಕ್ತೀವಿ. ಒಂದು ದಿನ ಅದರ ಜಾಗ ಗೊತ್ತಾಗುತ್ತೆ. ನೀನು ಈಗ ಸಸ್ಪೆನ್ಸ್ ಖಾತೆಯಲ್ಲಿದ್ದೀಯ ಅಷ್ಟೆ."

ನನ್ನ ಕಥೆಯನ್ನೂ ಹೇಳಿದೆ. 1979ರ ಜೂನ್‌ನಲ್ಲಿ ತಿಪಟೂರಿನಿಂದ ಮಡಿಕೇರಿ ಶಾಖೆಗೆ ವರ್ಗವಾಗಿ ಬಂದಾಗ ನನ್ನ ಹತ್ತಿರ ಇದ್ದದ್ದು ಮೂರು ಶರ್ಟು, ಒಂದು ಕೊಡೆ. ತೆಂಗಿನ ತೋಟದ ಬಿಸಿಲಿನಲ್ಲಿ ಬೆಳೆದವನು. ಕೌಂಟರಿಗೆ ಬಂದವರು ಕೊಡವ ಮಾತಿನಲ್ಲಿ ಕೇಳಿದರೆ ಪಕ್ಕದವರ ಮುಖ ನೋಡುತ್ತಿದ್ದೆ. ಎರಡನೇ ವಾರವೇ ವರ್ಗಾವಣೆಗೆ ಅರ್ಜಿ ಟೈಪು ಮಾಡಿ ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರು ಓದಿ, ಮಡಿಸಿ ನನ್ನ ಕೈಗೇ ಕೊಟ್ಟು, "ಕಾಫಿ ಹೂ ನೋಡಿ, ಆಮೇಲೆ ಕೊಡಿ" ಎಂದರು. ಹೂ ಬಿಡುವುದು ಬೇಸಿಗೆಯಲ್ಲಿ. ಅಲ್ಲಿಯವರೆಗೆ ಕಾದೆ. ತೋಟವಿಡೀ ಬೆಳ್ಳಗೆ ಅರಳಿದ ಬೆಳಿಗ್ಗೆ, ಮಲ್ಲಿಗೆಯಂಥ ಆ ವಾಸನೆಯಲ್ಲಿ, ಅರ್ಜಿ ಎಲ್ಲಿಟ್ಟೆ ಎಂದೇ ನೆನಪಾಗಲಿಲ್ಲ. ಮುಂದೆ ಬೇರೆ ಶಾಖೆಗಳಿಗೆ ವರ್ಗವಾಗಿ ಹೋದರೂ ನಿವೃತ್ತಿಯಾದ ಮೇಲೆ ಮನೆ ಮಾಡಿದ್ದು ಇಲ್ಲೇ.

"ನೀನೂ ಹೂ ನೋಡಿ ಹೋಗು" ಎಂದೆ. ಅವಳು ಏನೂ ಹೇಳಲಿಲ್ಲ. ಮರುದಿನ ಬೆಂಗಳೂರಿಗೆ ಬಸ್ ಎಷ್ಟು ಹೊತ್ತಿಗೆ ಎಂದು ನಮ್ಮಾಕೆಯ ಹತ್ತಿರ ವಿಚಾರಿಸಿದ್ದಳಂತೆ.

ಈರುಳ್ಳಿಯ ಮೂರು ದಿನ

ಆ ವಾರವೇ ಕೊಡಗಿನ ಗುಡ್ಡಗಳು ಜರಿದವು. 2018ರ ಆಗಸ್ಟ್ ಮಧ್ಯದ ಆ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು, ಕಾಲೂರು, ಜೋಡುಪಾಲ, ಒಂದಾದ ಮೇಲೊಂದು ಊರಿನ ಹೆಸರು ಕೇಳಿಬಂತು. ಮನೆ, ಗದ್ದೆ, ಕಾಫಿ ತೋಟ ಎಲ್ಲ ಕೆಸರಿನ ಜೊತೆ ಜಾರಿ ಹೋದವು. ಪ್ರಾಣಗಳೂ ಹೋದವು. ಮಂಗಳೂರಿನ ಕಡೆಯ ರಸ್ತೆ ಕುಸಿದು ಮುಚ್ಚಿತು. ಮಡಿಕೇರಿಯಲ್ಲಿ ಶಾಲೆ, ಸಭಾಂಗಣಗಳೆಲ್ಲ ಪರಿಹಾರ ಕೇಂದ್ರಗಳಾದವು. ಜಾತಿ, ಮತ ನೋಡದೆ ಊರಿನ ಹುಡುಗರು ಜನರನ್ನು ಹೊತ್ತು ತಂದರು, ಅಕ್ಕಿ ಇಳಿಸಿದರು, ಕಂಬಳಿ ಹಂಚಿದರು. ಅವರಲ್ಲಿ ಯಾರಿಗೂ ಸ್ವಯಂಸೇವಕರು ಎಂಬ ಬ್ಯಾಡ್ಜ್ ಇರಲಿಲ್ಲ.

ನಮ್ಮಾಕೆ ಒಂದು ಕೇಂದ್ರಕ್ಕೆ ಅಡುಗೆಗೆ ಹೊರಟಳು. ಮಳೆ ಅಕ್ಕನೂ ತನ್ನ ಬಣ್ಣದ ಕಾಗದದ ಚೀಲ ಹಿಡಿದು ಹಿಂದೆಯೇ ಹೊರಟಳು, ಅಲ್ಲಿರುವ ಮಕ್ಕಳಿಗೆ ಆಟ ಆಡಿಸುತ್ತೇನೆ ಎಂದು. ಅಡುಗೆಯ ಉಸ್ತುವಾರಿ ಹೊತ್ತ ಹೆಂಗಸು ಚೀಲ ನೋಡಿ, ಅವಳ ಮುಖ ನೋಡಿ, ಒಂದು ಚಾಕು ಕೊಟ್ಟು ಈರುಳ್ಳಿ ಮೂಟೆಯ ಕಡೆ ಕೈ ತೋರಿಸಿದರು. ಅಲ್ಲಿ ಆಗಬೇಕಾಗಿದ್ದ ಕೆಲಸ ಅದು. ಮೂರು ದಿನ ಅವಳು ಈರುಳ್ಳಿ ಹೆಚ್ಚಿದಳು. ಉಳಿದ ಹೊತ್ತು ಪಾತ್ರೆ ತೊಳೆದಳು. ಕೈಯೆಲ್ಲ ಬೆಳ್ಳಗೆ ಸುಕ್ಕಾಗಿತ್ತು.

ಮೂರನೇ ದಿನ ಸಂಜೆ ಗೋಡೆಗೆ ಒರಗಿ ಕೂತಿದ್ದಾಳೆ. ಪಕ್ಕದಲ್ಲಿ ಮಕ್ಕಂದೂರು ಕಡೆಯಿಂದ ಬಂದ ಒಬ್ಬ ವಯಸ್ಸಾದ ಅಮ್ಮ, ಯಾರೋ ಕೊಟ್ಟ ಕಂಬಳಿ ಹೊದ್ದು ಕೂತಿದ್ದಾರೆ. ಮನೆ ಹೋಗಿದೆ, ಹಟ್ಟಿಯ ದನ ಹೋಗಿವೆ. ಆ ಅಮ್ಮ ಇವಳ ಕಡೆ ತಿರುಗಿ, ಕೈ ಮುಟ್ಟಿ, "ಊಟ ಆಯ್ತಾ ಮಗಳೇ?" ಎಂದು ಕೇಳಿದರಂತೆ.

ಆ ರಾತ್ರಿ ಮನೆಗೆ ಬಂದವಳು ಅಡುಗೆಮನೆಯ ಮಣೆಯ ಮೇಲೆ ಕೂತು ಅತ್ತಳು. "ಅವರಿಗೆ ಏನೂ ಉಳಿದಿಲ್ಲ ಆಂಟಿ. ಅವರು ನನ್ನನ್ನು ಕೇಳಿದರು" ಎಂದಳು. ನಮ್ಮಾಕೆ ತಟ್ಟೆ ಹಾಕಿದಳು. ಬಸ್ಸಿನ ಮಾತು ಆಮೇಲೆ ಬರಲಿಲ್ಲ.

ಹಲಸಿನ ಬೀಜದ ಪಾಠ

ಶಾಲೆ ಮತ್ತೆ ತೆರೆದಾಗ ಅವಳು ಕಾರ್ಯಕ್ರಮದ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಹೋದಳು. "ನಾನು ಏನು ಮಾಡಲಿ?" ಎಂದು ಟೀಚರನ್ನು ಕೇಳಿದಳು. ಟೀಚರ್, "ಒಂದು ವಾರ ಆಯಾಳ ಜೊತೆ ಇರು" ಎಂದರು.

ಆಯಾ ಏಳನೇ ತರಗತಿ ಓದಿದ ಹೆಂಗಸು. ಮಧ್ಯಾಹ್ನದ ಸಾರಿಗೆ ಹಲಸಿನ ಬೀಜ ಬೇಕು. ಕೆಮ್ಮಣ್ಣು ಬಳಿದು ಕಾಪಿಟ್ಟಿದ್ದ ಬೀಜಗಳನ್ನು ತೊಳೆಯುವುದು ಒಬ್ಬರು, ಹೊರಗಿನ ಬಿಳಿ ಸಿಪ್ಪೆ ತೆಗೆಯುವುದು ಒಬ್ಬರು, ಹತ್ತು ಹತ್ತು ಗುಂಪು ಮಾಡುವುದು ಒಬ್ಬರು. ಕೆಟ್ಟದ್ದನ್ನು ಆರಿಸಿ ತೆಗೆಯುವವನು ಮಾತಾಡದ ಆ ಹುಡುಗ. ಒಂದು ಬೀಜವೂ ತಪ್ಪುತ್ತಿರಲಿಲ್ಲ. ಎಣಿಸುವುದು, ಗುರುತಿಸುವುದು, ಬೆರಳಿಗೆ ಕೆಲಸ, ಸರದಿ ಕಾಯುವುದು, ತನ್ನ ಚಿತ್ರದ ಕಾರ್ಡುಗಳಲ್ಲಿ ಏನೇನಿತ್ತೋ ಅದೆಲ್ಲ ಅಡುಗೆಮನೆಯ ನೆಲದ ಮೇಲೆ ಮೊದಲೇ ನಡೆಯುತ್ತಿತ್ತು ಎಂದು ಮಳೆ ಅಕ್ಕ ಬಂದು ಹೇಳಿದಳು. ಕೊನೆಯಲ್ಲಿ ಆ ಬೀಜ ಸಾರಾಗಿ ತಟ್ಟೆಗೆ ಬರುತ್ತಿತ್ತು. ಅದು ಅವಳ ಕಾರ್ಡುಗಳಿಂದ ಆಗದ ಕೆಲಸ.

ಅವಳು ಅಲ್ಲಿಂದ ಶುರು ಮಾಡಿದಳು. ಬೀಜದ ಚಿತ್ರ, ಸೌಟಿನ ಚಿತ್ರ, ಕೊಡೆಯ ಚಿತ್ರ ಬರೆದು ಹೊಸ ಕಾರ್ಡು ಮಾಡಿದಳು. ಅಕ್ಷರ ಬರೆದುಕೊಟ್ಟವನು ನಾನು. ಮಾತಾಡದ ಹುಡುಗ ಹಸಿವಾದರೆ ಒಂದು ಕಾರ್ಡು, ಹೊರಗೆ ಹೋಗಬೇಕಾದರೆ ಇನ್ನೊಂದು ಕಾರ್ಡು ಎತ್ತಿ ತೋರಿಸುವುದನ್ನು ಕಲಿತ. ದೀಪಾವಳಿಯ ಹೊತ್ತಿಗೆ ಬೆಳಿಗ್ಗೆ ಅವಳ ಕೈ ಹಿಡಿದೇ ಒಳಗೆ ಬರುತ್ತಿದ್ದ.

ಡಿಸೆಂಬರಿನಲ್ಲಿ, ಪುತ್ತರಿ ಹಬ್ಬ ಮುಗಿದ ಮೇಲೆ, ಅವಳನ್ನು ಬೈಲಕುಪ್ಪೆಗೆ ಕರೆದುಕೊಂಡು ಹೋದೆವು. ಮಡಿಕೇರಿಯಿಂದ ಕುಶಾಲನಗರಕ್ಕೆ ಬಸ್ಸಿನಲ್ಲಿ ಒಂದು ಗಂಟೆ. ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಅಲ್ಲೇ ಸ್ವಲ್ಪ ದೂರದಲ್ಲಿ ಟಿಬೆಟನ್ನರ ಊರು. ವಿದೇಶಿಯರು ಹಗಲಲ್ಲಿ ನೋಡಿ ಬರಬಹುದು; ರಾತ್ರಿ ಉಳಿಯಬೇಕಾದರೆ ವಿಶೇಷ ಪರವಾನಗಿ ಬೇಕು.

ಹೋಗುವಾಗ ದಾರಿಯಲ್ಲಿ ಅವಳು ಒಂದು ಸಂಗತಿ ಹೇಳಿದಳು. ಪಿಯರ್ ಸೆರೆಸೋಲ್ ಎಂಬ ಸ್ವಿಸ್ ಎಂಜಿನಿಯರ್ ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಫ್ರಾನ್ಸಿನ ಒಂದು ಹಾಳಾದ ಹಳ್ಳಿಯನ್ನು ಮತ್ತೆ ಕಟ್ಟಲು ಬೇರೆ ಬೇರೆ ದೇಶದವರನ್ನು ಸೇರಿಸಿಕೊಂಡು ಹೋದರಂತೆ. ಯುದ್ಧದಲ್ಲಿ ಎದುರುಬದುರಾಗಿದ್ದ ದೇಶದವರು ಒಟ್ಟಿಗೆ ಗುದ್ದಲಿ ಹಿಡಿದರು. ಅದೇ ಸೆರೆಸೋಲ್ 1934ರ ಬಿಹಾರ ಭೂಕಂಪದ ನಂತರ ಭಾರತಕ್ಕೆ ಬಂದು ಹಳ್ಳಿಗಳನ್ನು ಕಟ್ಟುವ ಕೆಲಸದಲ್ಲಿ ತೊಡಗಿದರು. ಅವಳಂಥವರಿಗೆಲ್ಲ ಅವರು ಹಿರಿಯಜ್ಜ ಇದ್ದ ಹಾಗೆ. ನನಗೆ ಇದು ಹೊಸ ವಿಷಯ.

ಬೈಲಕುಪ್ಪೆಯ ಕಥೆ ನಾನು ಹೇಳಿದೆ. 1960ರಲ್ಲಿ ಆಗಿನ ಮೈಸೂರು ಸರ್ಕಾರ ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ಇಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆಗ ಅದು ಕಾಡು. ಮುಂದೆ 1963ರಲ್ಲಿ ನಮ್‌ಡ್ರೋಲಿಂಗ್ ಮಠ ಶುರುವಾಯಿತು, ಪ್ರವಾಸಿಗರು ಗೋಲ್ಡನ್ ಟೆಂಪಲ್ ಎಂದು ನೋಡಲು ಬರುವುದು ಅದನ್ನೇ. ಇಲ್ಲಿ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ 'ಮೈರಾಡ' ಸಂಸ್ಥೆ ಆಮೇಲೆ ನಮ್ಮ ನಾಡಿನ ಬಡ ಹಳ್ಳಿಗಳಲ್ಲೂ ಕೆಲಸ ಮಾಡಿತು.

ಮಠ ನೋಡಿ ಬಂದು ಒಂದು ಚಿಕ್ಕ ಹೋಟೆಲಿನಲ್ಲಿ ಮೊಮೊ ತಿನ್ನುತ್ತಿದ್ದೆವು. ಗಲ್ಲಾದಲ್ಲಿ ಕೂತ ಹಿರಿಯರು ನನಗಿಂತ ಚೆನ್ನಾಗಿ ಮೈಸೂರು ಕನ್ನಡ ಮಾತಾಡುತ್ತಿದ್ದರು. ಹುಡುಗನಾಗಿದ್ದಾಗ ಅಪ್ಪ ಅಮ್ಮನ ಜೊತೆ ಬಂದವರು. ಮಳೆ ಅಕ್ಕ ತನ್ನ ಮುರುಕು ಕನ್ನಡದಲ್ಲಿ ಕೇಳಿದಳು: "ಮೊದಲು ಕಷ್ಟ ಆಯ್ತಾ?" ಅವರು ನಕ್ಕರು. "ಸೆಕೆ ಗೊತ್ತಿರಲಿಲ್ಲ, ಸೊಳ್ಳೆ ಗೊತ್ತಿರಲಿಲ್ಲ, ಆನೆ ಗೊತ್ತಿರಲಿಲ್ಲ. ಮುಸುಕಿನ ಜೋಳ ಹಾಕೋದು ಈ ಕಡೆ ರೈತರನ್ನ ನೋಡಿ ಕಲಿತ್ವಿ. ನಮ್ಮಪ್ಪ ಬಹಳ ವರ್ಷ ಹಣ್ಣಿನ ಗಿಡ ನೆಡಲಿಲ್ಲ ಕಣಮ್ಮ. ವಾಪಸ್ ಹೋಗ್ತೀವಲ್ಲ, ಯಾಕೆ ಅಂತ."

"ಆಮೇಲೆ?"

"ಆಮೇಲೆ ನೆಟ್ಟರು. ನಾವು ಹೋದರೂ ಇಲ್ಲಿರೋರು ತಿಂತಾರೆ ಅಂತ."

ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಆಚೆಯೇ ನೋಡುತ್ತಿದ್ದಳು.

ಗೇಟಿನ ಬಳಿ

ಮಾರ್ಚಿಯಲ್ಲಿ ಸ್ಪ್ರಿಂಕ್ಲರ್ ನೀರು ಬಿಟ್ಟ ರೊಬಸ್ಟಾ ತೋಟವೊಂದರಲ್ಲಿ ಅವಳು ಕಾಫಿ ಹೂವನ್ನೂ ನೋಡಿದಳು. 2019ರ ಜೂನ್ ಕೊನೆಯಲ್ಲಿ ಹೊರಟಳು. ಶಾಲೆಯಲ್ಲಿ ಬೀಳ್ಕೊಡುಗೆ ಆಯಿತು. ಫೋಟೋ ತೆಗೆದರು. ಇಲ್ಲಿಗೆ ನಿಲ್ಲಿಸಿದರೆ ಇದು ಚಂದದ ಕಥೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ.

ಎರಡು ವಾರದ ನಂತರ ಆಯಾ ನಮ್ಮ ಮನೆಗೆ ಬಂದು ಹೇಳಿದಳು. ಮಾತಾಡದ ಹುಡುಗ ದಿನಾ ಬೆಳಿಗ್ಗೆ ಬಂದು ಗೇಟಿನ ಬಳಿ ನಿಲ್ಲುತ್ತಾನೆ. ಮಳೆಯಲ್ಲೂ ನಿಲ್ಲುತ್ತಾನೆ. ಒಳಗೆ ಕರೆದರೆ ಬರುವುದಿಲ್ಲ. ಕಾರ್ಡುಗಳನ್ನು ಎತ್ತುವುದಿಲ್ಲ. ವಿಡಿಯೋ ಕಾಲ್ ಮಾಡಿಸಿ ನೋಡಿದರು. ಅವನು ಫೋನನ್ನು ತಿರುಗಿಸಿ ಹಿಂದೆ ಯಾರಾದರೂ ಇದ್ದಾರಾ ಎಂದು ನೋಡಿದ, ಆಮೇಲೆ ಮತ್ತೆ ಗೇಟಿಗೆ ಹೋದ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಬರುವವರು ಒಂದು ವರ್ಷ ಇದ್ದು ಹೋಗುತ್ತಾರೆ. ಮಗು ಇಲ್ಲೇ ಇರುತ್ತದೆ. ವರ್ಷ ಎಂದರೆ ಏನು ಎಂದು ಅವನಿಗೆ ಯಾರು ಹೇಳುವುದು?

ಆರು ವಾರ ಆಯಾ ಅವನ ಜೊತೆ ಗೇಟಿನ ಬಳಿ ಕೊಡೆ ಹಿಡಿದು ನಿಂತಳು. ಒಂದು ದಿನ ಹಲಸಿನ ಬೀಜದ ಮೊರವನ್ನು ಅಲ್ಲಿಗೇ ತೆಗೆದುಕೊಂಡು ಹೋಗಿ ಕೂತಳು. ಅವನೂ ಕೂತ. ದಿನಕ್ಕೊಂದಿಷ್ಟು ಮೊರವನ್ನು ಒಳಗೆ ಸರಿಸುತ್ತ ಬಂದಳು. ಹಾಗೆ ಅವನು ಮತ್ತೆ ಒಳಗೆ ಬಂದ.

ಇದನ್ನು ಮಳೆ ಅಕ್ಕನಿಗೆ ಹೇಳಬೇಕೋ ಬೇಡವೋ ಎಂದು ನಾವು ಯೋಚಿಸಿದೆವು. ನಮ್ಮಾಕೆ, "ಹೇಳದಿದ್ದರೆ ಮೋಸ" ಎಂದಳು. ಹೇಳಿದೆವು. ಫೋನಿನ ಆ ಕಡೆ ತುಂಬ ಹೊತ್ತು ಮಾತಿಲ್ಲ. ಆಮೇಲೆ ಅವಳೇ, "ಮುಂದೆ ಬರುವವರಿಗೆ ಇದನ್ನು ಮೊದಲ ದಿನವೇ ಹೇಳಿ" ಎಂದಳು. ಟೀಚರ್, ಆಯಾ, ನಾಲ್ಕು ಜನ ಪೋಷಕರು ಕೂತು ಮಾತಾಡಿದರು, ನನ್ನನ್ನೂ ಕರೆದಿದ್ದರು. ಒಂದು ನಿಯಮ ಆಯಿತು. ಹೊರಗಿನಿಂದ ಬಂದವರು ಯಾವ ಮಗುವಿನ ಜೊತೆಗೂ ಒಬ್ಬರೇ ಕೆಲಸ ಮಾಡುವಂತಿಲ್ಲ. ಇಲ್ಲೇ ಇರುವವರೊಬ್ಬರು ಜೊತೆಗಿರಬೇಕು, ಮಗುವಿನ ಕೈ ಹಿಡಿಯುವವರು ಅವರೇ ಆಗಿರಬೇಕು. ಹೊಸದಾಗಿ ಕಲಿಸಿದ್ದೆಲ್ಲ ಕನ್ನಡದಲ್ಲಿ ಒಂದು ನೋಟ್ ಪುಸ್ತಕದಲ್ಲಿ ಇರಬೇಕು. ಆ ಪುಸ್ತಕ ಇಡುವ ಕೆಲಸ ನನ್ನದು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಇನ್ನೊಬ್ಬ ಹುಡುಗ ಬಂದ. 2020ರ ಮಾರ್ಚಿಯಲ್ಲಿ ಕೊರೊನಾ ಬಂದಾಗ ಜರ್ಮನಿ ಪ್ರಪಂಚದ ಎಲ್ಲ ಕಡೆಯಿಂದ ತನ್ನ ಸ್ವಯಂಸೇವಕರನ್ನು ವಾಪಸ್ ಕರೆಸಿಕೊಂಡಿತು. ಅವನಿಗೆ ಬೀಳ್ಕೊಡುಗೆಯೂ ಇಲ್ಲ, ಎರಡು ದಿನದಲ್ಲಿ ಹೊರಟುಹೋದ. ನಮ್ಮ ಶಾಲೆಯೂ ಮುಚ್ಚಿತು. ಆದರೆ ಮತ್ತೆ ತೆರೆದ ದಿನ ಗೇಟಿನ ಬಳಿ ಯಾರೂ ಕಾದು ನಿಲ್ಲಲಿಲ್ಲ.

ಹೊರಡುವ ಮುನ್ನ

ಈಗ ನಮ್ಮ ಮಕ್ಕಳೂ ಹೊರದೇಶಕ್ಕೆ ಸೇವೆಗೆ ಹೋಗುತ್ತಾರೆ. ವಿಶ್ವಸಂಸ್ಥೆಗೇ ಸ್ವಯಂಸೇವಕರ ವಿಭಾಗವಿದೆ. ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ. ದೂರ ಹೋಗಲಾಗದವರಿಗೆ ಕಾಲೇಜಿನಲ್ಲೇ ಎನ್‌ಎಸ್‌ಎಸ್ ಇದೆ, ಗಾಂಧೀಜಿ ಜನ್ಮಶತಮಾನೋತ್ಸವದ 1969ರಲ್ಲಿ ಶುರುವಾದದ್ದು. ಹೊರಡುವ ಹುಡುಗ ಹುಡುಗಿಯರಿಗೆ ಈ ಮುದುಕನ ನಾಲ್ಕು ಮಾತು.

ಸೂಟ್‌ಕೇಸಿನಲ್ಲಿ ಅರ್ಧ ಖಾಲಿ ಬಿಟ್ಟು ಹೋಗಿ. ಮೊದಲ ತಿಂಗಳು ಏನನ್ನೂ ಬದಲಿಸಬೇಡಿ. ಅಲ್ಲಿನವರು ಆ ಕೆಲಸವನ್ನು ಈಗಾಗಲೇ ಹೇಗೆ ಮಾಡುತ್ತಿದ್ದಾರೆ ನೋಡಿ. ಅಡುಗೆಮನೆಯವರ ಸ್ನೇಹ ಮಾಡಿ. ಆ ಭಾಷೆಯಲ್ಲಿ "ಊಟ ಆಯ್ತಾ" ಎಂದು ಕೇಳುವುದು ಹೇಗೆ ಎಂದು ಮೊದಲು ಕಲಿಯಿರಿ. ವೀಸಾ ಯಾವುದು, ಆ ವೀಸಾದಲ್ಲಿ ಸೇವೆಗೆ ಅನುಮತಿ ಇದೆಯೇ ಎಂದು ವಿಚಾರಿಸಿ, ಪ್ರವಾಸಿ ವೀಸಾದ ಮೇಲೆ ವರ್ಷಗಟ್ಟಲೆ ಕೆಲಸ ಮಾಡುವಂತಿಲ್ಲ. ಹೋದ ಮೊದಲ ವಾರವೇ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನಾನು ಹೋದ ಮೇಲೆ ಇದನ್ನು ಯಾರು ಮುಂದುವರಿಸುತ್ತಾರೆ? ಉತ್ತರವಿಲ್ಲದಿದ್ದರೆ, ಅವರನ್ನು ಹುಡುಕುವುದೇ ನಿಮ್ಮ ಮೊದಲ ಕೆಲಸ.

ಮಳೆ ಅಕ್ಕ ಈಗ ಅವಳ ಊರಿನಲ್ಲಿ ವಿಶೇಷ ಮಕ್ಕಳ ಶಿಕ್ಷಕಿ. ಪ್ರತಿ ಜುಲೈ ಫೋನ್ ಮಾಡುತ್ತಾಳೆ. ಅಂಕಲ್ ಹೋಗಿ ಈಗ ಅಜ್ಜ ಆಗಿದ್ದೇನೆ. "ಅಜ್ಜ, ಮಳೆ ಹೇಗಿದೆ?" ಎಂದು ಕೇಳುತ್ತಾಳೆ. ಆಮೇಲೆ ಆ ಹುಡುಗ ಹೇಗಿದ್ದಾನೆ ಎನ್ನುತ್ತಾಳೆ. ಅವನಿಗೀಗ ಮೀಸೆ ಬಂದಿದೆ. ಆಯಾಳ ಪಕ್ಕ ಕೂತು ಚಿಕ್ಕ ಮಕ್ಕಳಿಗೆ ಹಲಸಿನ ಬೀಜ ಆರಿಸುವುದನ್ನು ತೋರಿಸಿಕೊಡುತ್ತಾನೆ. ಕಾರ್ಡುಗಳ ಅಂಚು ಸವೆದು ಎರಡು ಸಲ ಹೊಸದು ಮಾಡಿಸಿದ್ದೇವೆ. ನೋಟ್ ಪುಸ್ತಕ ಮೂರನೆಯದು ನಡೆಯುತ್ತಿದೆ.

ಕೊನೆಗೆ ಅವಳು ಫೋನ್ ಇಡುವ ಮೊದಲು ಕೇಳುತ್ತಾಳೆ, ಅಚ್ಚ ಕನ್ನಡದಲ್ಲಿ: "ಊಟ ಆಯ್ತಾ, ಅಜ್ಜ?"

ಅಲ್ಲಿ ಎಷ್ಟು ಗಂಟೆ ಎಂದು ಲೆಕ್ಕ ಹಾಕದೆ ನಾನೂ ಕೇಳುತ್ತೇನೆ: "ಆಯ್ತಮ್ಮ. ನಿನ್ನದು?"